ಒಳ್ಳೊಳ್ಳೆ ರ‍್ಯಾಪರ್‌ಗಳು ಸೋಲೋ ಸ್ಟಾರ್ ಆಗೋದಿಲ್ಲ ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟೆಯಲ್ಲಿ ನನ್ನದೊಂದು ಸಣ್ಣ ರೆಕಾರ್ಡಿಂಗ್ ಕೋಣೆ ಇದೆ. ಭಜನೆ, ಮದುವೆ ಹಾಡು, ಯಕ್ಷಗಾನದ ಪದ ಎಲ್ಲ ಅಲ್ಲೇ ಆಗ್ತದೆ. ಈಗೀಗ ರ‍್ಯಾಪ್ ಮಾಡುವ ಹುಡುಗರದ್ದೇ ಗಲಾಟೆ ಹೆಚ್ಚು. ಕಾರವಾರ, ಅಂಕೋಲಾ, ಶಿರಸಿ, ಹೊನ್ನಾವರ ಅಂತ ಎಲ್ಲ ಕಡೆಯಿಂದ ಬರ್ತಾರೆ. ಅವರು ಕೇಳಿದ್ದು, ಅವರ ಮನೆಯವರು ಕೇಳಿದ್ದು, ಪತ್ರ ಮತ್ತು ಕಾಮೆಂಟುಗಳಲ್ಲಿ ಬಂದದ್ದು ಎಲ್ಲ ಸೇರಿಸಿ ಇಲ್ಲಿಟ್ಟಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಲ್ಲೇ ಇವೆ, ತಿದ್ದಲಿಲ್ಲ.

## ಶುರುವಿನವು

ನಮ್ಮ ಗ್ರೂಪಲ್ಲಿ ಜೋರು ರ‍್ಯಾಪ್ ಮಾಡೋನು ಅವ್ನೇ. ಹೆಸರು ಮಾಡಿದ್ದು ಮಾತ್ರ ಇನ್ನೊಬ್ಬ. ಇದೆಂತ ನ್ಯಾಯ ಮಾರಾಯ್ರೆ?

ಗ್ರೂಪಿನ ಹಾಡಲ್ಲಿ ಒಬ್ಬನಿಗೆ ಸಿಗೋದು ಸಾಮಾನ್ಯವಾಗಿ 16 ಬಾರ್ (ಬಾರ್ ಅಂದರೆ ನಾಲ್ಕು ಬೀಟಿನ ಅಳತೆ, ಸುಮಾರು ಒಂದು ಸಾಲು), ಅದಕ್ಕೇ ವರ್ಸ್ ಅನ್ನೋದು. ನಿಮಿಷಕ್ಕೆ 90 ಬೀಟಿನ ವೇಗದಲ್ಲಿ ಅದು ಸುಮಾರು 43 ಸೆಕೆಂಡ್. ಕೋರಸ್ ಬೇರೆ ಯಾರೋ ಹಾಡ್ತಾರೆ, ವಿಷಯ ಮೊದಲೇ ಗೊತ್ತಾಗಿರ್ತದೆ, ಉಸಿರು ಉಳಿಸಿಕೊಳ್ಳುವ ಅಗತ್ಯವೂ ಇಲ್ಲ. ಬಂದು ಬಾರಿಸಿ ಹೋದರಾಯಿತು. ಆ 43 ಸೆಕೆಂಡಿನಲ್ಲಿ ಎಲ್ಲರನ್ನೂ ಮೀರಿಸುವವನು ಒಬ್ಬನೇ ಮೂರು ನಿಮಿಷ ನಿಂತಾಗ ತೆಳ್ಳಗಾಗೋದನ್ನ ನಮ್ಮ ಕೋಣೆಯಲ್ಲೇ ನೋಡ್ತಿರ್ತೇನೆ.

ಹೆಸರು ಮಾಡಿದವನು ಪ್ರಾಸದಲ್ಲಿ ಒಂದು ಕೈ ಕಡಿಮೆ ಇರಬಹುದು. ಆದರೆ ಅವನ ಹಾಡು ಮುಗಿಯುವಷ್ಟರಲ್ಲಿ ಇವನು ಯಾರು, ಇವನಿಗೆ ಯಾರ ಮೇಲೆ ಸಿಟ್ಟು, ಇವನು ಎಂಥದ್ದಕ್ಕೆ ನಗ್ತಾನೆ ಅಂತ ಕೇಳಿದವರಿಗೆ ತಿಳಿದಿರ್ತದೆ. ಜನ ಬೆನ್ನು ಹತ್ತೋದು ಆ ಮನುಷ್ಯನನ್ನ. ಪ್ರಾಸದ ಬೆನ್ನು ಹತ್ತುವವರು ರ‍್ಯಾಪರ್‌ಗಳು ಮಾತ್ರ.

ವ್ಯೂಸ್ ಬಂದವ್ರೆಲ್ಲ ಸ್ಟಾರಾ?

ಅಲ್ಲ. ಹಾಡು ಯಾವುದು ಅಂತ ಗೊತ್ತಿಲ್ಲದೆಯೂ ಅವನ ಹೆಸರು ನೋಡಿ ಟಿಕೆಟ್ ತಗೊಂಡರೆ ಅವನು ಸ್ಟಾರ್. ರೀಲಿನಲ್ಲಿ ಅವನ ಸಾಲಿಗೆ ಊರೆಲ್ಲ ಕುಣಿದು, "ಹಾಡಿದ್ದು ಯಾರು?" ಅಂದರೆ ಬಾಯಿ ಬಾಯಿ ನೋಡಿಕೊಂಡರೆ ಹಿಟ್ ಆದದ್ದು ಹಾಡು ಮಾತ್ರ.

ಅಂಥವ್ರು ಒಬ್ರ ಹೆಸರು ಹೇಳಿ ನೋಡ್ವಾ.

ಇನ್‌ಸ್ಪೆಕ್ಟಾ ಡೆಕ್. ಒಳ್ಳೇ ರ‍್ಯಾಪರ್ ಆಗಿಯೂ ಸೋಲೋ ಸ್ಟಾರ್ ಆಗದವರ ವಿಷಯ ಬಂದಾಗೆಲ್ಲ ನಾನು ಅವನಿಂದಲೇ ಶುರು ಮಾಡೋದು.

ನ್ಯೂಯಾರ್ಕಿನ ಸ್ಟಾಟನ್ ಐಲೆಂಡಿನಿಂದ ಬಂದ ರ‍್ಯಾಪ್ ಗುಂಪು ವು-ಟ್ಯಾಂಗ್ ಕ್ಲಾನ್‌ನ ಮೊದಲ ಆಲ್ಬಂ 1993ರದ್ದು. ಒಂಬತ್ತು ಜನ. ಅವರನ್ನು ಜಗತ್ತಿಗೆ ತೋರಿಸಿದ ಮೊದಲ ಸಿಂಗಲ್‌ನಲ್ಲಿ ಮೊದಲ ವರ್ಸ್ ಡೆಕ್‌ನದು. 1997ರಲ್ಲಿ ಎರಡನೇ ಆಲ್ಬಂ ಬಂದಾಗಲೂ ಅದರ ದೊಡ್ಡ ಹಾಡನ್ನ ಶುರು ಮಾಡಿದ್ದು ಅವನೇ. ಆ ವರ್ಸನ್ನ ಇವತ್ತಿಗೂ ರ‍್ಯಾಪಿನ ಅತಿ ಶ್ರೇಷ್ಠ ವರ್ಸುಗಳ ಸಾಲಲ್ಲಿ ಇಡ್ತಾರೆ. ಬಾಗಿಲು ತೆಗೆಯಲಿಕ್ಕೆ ಇವನೇ ಬೇಕು ಅನ್ನುವಷ್ಟು ಗುಂಪಿಗೆ ಅವನ ಮೇಲೆ ಭರವಸೆ.

ಗುಂಪಿನ ಯಜಮಾನ ರಿಝಾ ಒಂದು ಜಾಣ ಒಪ್ಪಂದ ಮಾಡಿಕೊಂಡಿದ್ದ. ಗುಂಪು ಒಂದು ಕಂಪನಿಗೆ, ಆದರೆ ಒಬ್ಬೊಬ್ಬ ಸದಸ್ಯ ತನಗೆ ಬೇಕಾದ ಕಂಪನಿಯ ಜೊತೆ ಸೋಲೋ ಮಾಡಬಹುದು. 1994ರಲ್ಲಿ ಮೆಥಡ್ ಮ್ಯಾನ್, 1995ರಲ್ಲಿ ಓಲ್ ಡರ್ಟಿ ಬಾಸ್ಟರ್ಡ್, ರೇಕ್ವಾನ್, ಜಿಝಾ, 1996ರಲ್ಲಿ ಗೋಸ್ಟ್‌ಫೇಸ್ ಕಿಲ್ಲಾ. ಒಬ್ಬರ ಹಿಂದೆ ಒಬ್ಬರು ಬಂದರು, ಗೆದ್ದರು. ಡೆಕ್‌ನ ಪಾಳಿ ಬರುವ ಹೊತ್ತಿಗೆ ರಿಝಾನ ನೆಲಮಾಳಿಗೆಯ ಸ್ಟುಡಿಯೋಕ್ಕೆ ನೀರು ನುಗ್ಗಿ ಮಾಡಿಟ್ಟ ಬೀಟುಗಳೆಲ್ಲ ಹೋದವು. ಅವನಿಗಾಗಿ ಇಟ್ಟದ್ದೂ ಅದರಲ್ಲಿತ್ತು. ಅವನ ಆಲ್ಬಂ ಕೊನೆಗೆ ಬಂದದ್ದು 1999ರಲ್ಲಿ. ಆಗ ವು-ಟ್ಯಾಂಗ್ ಅಂದರೆ ಮುಗಿಬೀಳುವ ಕಾಲ ಕಳೆದಿತ್ತು.

ಆದರೆ ನೀರೊಂದೇ ಕಾರಣ ಅಂದರೆ ನಾನು ಒಪ್ಪೋದಿಲ್ಲ. ಉಳಿದವರನ್ನ ನೋಡಿ. ಓಲ್ ಡರ್ಟಿ ಬಾಸ್ಟರ್ಡ್ ಹುಚ್ಚು ದನಿ, ಮೆಥಡ್ ಮ್ಯಾನ್ ತುಂಟ, ರೇಕ್ವಾನ್ ಕಳ್ಳದಂಧೆಯ ಕತೆಗಾರ. ಕಣ್ಣು ಮುಚ್ಚಿಕೊಂಡರೂ ಗುರುತು ಹತ್ತುವವರು. ಡೆಕ್ ಬರೀ ಒಳ್ಳೇ ರ‍್ಯಾಪರ್. ಅವನ ಸಾಲು ನೆನಪಿರ್ತದೆ, ಅವನು ಎಂಥವನು ಅನ್ನೋದು ಕೊನೆಗೂ ಗೊತ್ತಾಗೋದಿಲ್ಲ. ಗುಂಪಿನಲ್ಲಿ ಅದು ಕೊರತೆಯೇ ಅಲ್ಲ, ಒಬ್ಬನೇ ನಿಂತಾಗ ಎದ್ದು ಕಾಣ್ತದೆ. ಮುಂದೆ 7ಎಲ್ ಮತ್ತು ಎಸೊಟೆರಿಕ್ ಅನ್ನುವ ಬಾಸ್ಟನ್ ಜೋಡಿಯ ಜೊತೆ ಸೇರಿ ಜಾರ್‌ಫೇಸ್ ಅಂತ ಗುಂಪು ಕಟ್ಟಿದ. 2013ರಿಂದ ಆಲ್ಬಂ ಮೇಲೆ ಆಲ್ಬಂ ಬಂತು. ಅಂದರೆ ಅವನ ಎರಡನೇ ಇನಿಂಗ್ಸೂ ಗುಂಪಿನಲ್ಲೇ ಆಯಿತು.

ಹಂಗಾರೆ ಎಲ್ಲ ನಸೀಬು ಅಂತೀರಾ?

ನಸೀಬಿನ ಪಾಲು ಇಲ್ಲ ಅನ್ನೋದು ಗೆದ್ದವರ ಅಹಂಕಾರ. ಟೆಕ್ಸಾಸಿನ ರ‍್ಯಾಪರ್ ದಿ ಡಿ.ಓ.ಸಿ.ಯ ಮೊದಲ ಆಲ್ಬಂ 1989ರ ಬೇಸಿಗೆಯಲ್ಲಿ ಬಂತು, ಚೆನ್ನಾಗೇ ಓಡಿತು. ಅದೇ ವರ್ಷ ನವೆಂಬರಿನಲ್ಲಿ ಕಾರು ಅಪಘಾತವಾಗಿ ಗಂಟಲಿನ ಧ್ವನಿಪೆಟ್ಟಿಗೆಯೇ ಜಜ್ಜಿಹೋಯಿತು. ಆ ದನಿ ಮತ್ತೆ ಬರಲಿಲ್ಲ. ಅವನು ಪೆನ್ನು ಹಿಡಿದ. ರ‍್ಯಾಪರ್, ನಿರ್ಮಾಪಕ ಡಾ. ಡ್ರೆಯ 1992ರ ಆಲ್ಬಂನ ಸಾಹಿತ್ಯದಲ್ಲಿ ಅವನ ಕೈ ಇದೆ. ಅದನ್ನ ಹಾಕಿಕೊಂಡು ಕುಣಿದವರಲ್ಲಿ ಎಷ್ಟು ಜನಕ್ಕೆ ಅವನ ಹೆಸರು ಗೊತ್ತು?

ಆದರೆ ನಮ್ಮ ಹುಡುಗರು ನಸೀಬು ಅನ್ನುವುದು ಬೇರೆ ಅರ್ಥದಲ್ಲಿ. ಎರಡು ಹಾಡು ಹಾಕಿ, ಯಾರೂ ಕೇಳಲಿಲ್ಲ ಅಂತ ಬಿಟ್ಟದ್ದಕ್ಕೆಲ್ಲ ನಸೀಬಿನ ಹೆಸರು ಬೇಡ.

ಮಗ ಡಿಗ್ರಿ ಬಿಟ್ಟು ರ‍್ಯಾಪ್ ಮಾಡ್ತೆ ಅಂತಿದ್ದ. ಎಂತ ಹೇಳದು?

ಶಿರಸಿ ಕಡೆಯ ಅಮ್ಮಂದಿರದ್ದು ಇದೊಂದೇ ಪ್ರಶ್ನೆ. ಡಿಗ್ರಿ ಮುಗಿಸಲಿಕ್ಕೆ ಹೇಳಿ. ರ‍್ಯಾಪ್ ಬರೆಯಲಿಕ್ಕೆ ದಿನಕ್ಕೆ ಎರಡು ತಾಸು ಸಾಕು, ಉಳಿದ ಹೊತ್ತು ಅವನು ಮೊಬೈಲ್ ನೋಡ್ತಾನೆ. ಕೈಯಲ್ಲಿ ಸಂಬಳ ಇದ್ದವನು ಕೆಟ್ಟ ಕಾಗದಕ್ಕೆ ಸಹಿ ಹಾಕೋದಿಲ್ಲ. ಆ ಕಾಗದದ ಕತೆ ಕೆಳಗೆ ಬರ್ತದೆ.

## ಹಾಡು, ಬೀಟು, ಭಾಷೆ

ಒಂದು ವರ್ಸ್ ಚಿಂದಿ ಬರೀತೆ. ಫುಲ್ ಹಾಡು ಮಾಡಿದ್ರೆ ಡಲ್ ಹೊಡೀತದೆ. ಯಾಕೆ?

ಲೆಕ್ಕ ಹಾಕೋಣ. ಒಂದು ಆಲ್ಬಂಗೆ 12 ಹಾಡು, ಹಾಡಿಗೆ 16 ಬಾರಿನ ಎರಡೇ ವರ್ಸ್ ಅಂದರೂ 384 ಬಾರ್. ಮೇಲೆ 12 ಹುಕ್, ಅಂದರೆ ಮತ್ತೆ ಮತ್ತೆ ಬರುವ ಪಲ್ಲವಿ. ಬೇರೆಯವರ ಹಾಡಿಗೆ ಫೀಚರ್ ಮಾಡುವವನು ಬರೆಯೋದು 16.

16 ಬಾರ್ ತುಂಬಿಸಲಿಕ್ಕೆ ಠೇಂಕಾರ ಸಾಕು. "ನಾ ಬಂದೆ, ತಡೆಯೋನು ಯಾವನು" ಅಂದರೆ ಮುಗೀತು, ಕೇಳಲಿಕ್ಕೂ ಮಜಾ. ಅದೇ ಮಾತು ನಾಲ್ಕನೇ ಹಾಡಲ್ಲೂ ಬಂದರೆ ನಿನ್ನನ್ನ ಯಾರೂ ತಡೆಯುತ್ತಲೇ ಇಲ್ಲವಲ್ಲ ಮಾರಾಯ ಅನ್ನಿಸ್ತದೆ. ನಮ್ಮಲ್ಲಿ ಬರುವ ಹುಡುಗರ ಪುಸ್ತಕ ತೆರೆದರೆ ಕಾಣೋದು ಇದೇ. ಮೊದಲ ಎರಡು ಸಾಲು ಬೆಂಕಿ. ಆರನೇ ಸಾಲಿಗೆ ಪ್ರಾಸಕ್ಕೋಸ್ಕರ ಬಂದ ಪದ. ಹತ್ತರಲ್ಲಿ ಯಾವುದೋ ಇಂಗ್ಲಿಷ್ ಬೈಗುಳ. ಹದಿನಾಲ್ಕರಲ್ಲಿ ತನ್ನದೇ ಹೆಸರು. ಫೀಚರ್ ಬರೆದು ಬರೆದು ಬಂದ ಅಭ್ಯಾಸ ಅದು. ಸಮಯ ಕಮ್ಮಿ ಅಂತ ಒಳ್ಳೇ ಸಾಲೆಲ್ಲ ಮುಂದೆ ತುಂಬ್ತಾರೆ, ಕತೆ ಮುಂದೆ ಒಯ್ಯುವುದು ಗೊತ್ತಿರೋದಿಲ್ಲ.

ವಿಷಯಕ್ಕೇನು ಬರವಾ? 2024ರ ಜುಲೈ 16ಕ್ಕೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿಯಿತು. ಮೂರು ವಾರ ದಾಟಿದ್ದಷ್ಟೇ, ಆಗಸ್ಟ್ 7ರ ಬೆಳಗಿನ ಜಾವ ಕಾರವಾರದ ಹಳೇ ಕಾಳಿ ಸೇತುವೆ ಬಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಅಷ್ಟು ದಿನ ದಕ್ಕೆಯಲ್ಲಿ ಬಲೆ ಹೊಲಿಯುತ್ತ ಕೂತವರ ಬಾಯಲ್ಲಿ ಎಷ್ಟು ಮಾತಿರ್ತದೆ! ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟ ಮನೆಗಳ ಮೊಮ್ಮಕ್ಕಳು ಈಗ ಕಾಲೇಜಿನಲ್ಲಿದ್ದಾರೆ. ಘಟ್ಟದ ಮೇಲೆ ಹೋದರೆ ಅಡಿಕೆ ತೋಟ, ಬಾಗಿಲು ಹಾಕಿದ ಮನೆ, ಬೆಂಗಳೂರಲ್ಲಿರುವ ಮಗ. ಇದನ್ನೆಲ್ಲ ಬಿಟ್ಟು ಶಿರಸಿಯ ಹುಡುಗ ತಾನು ನೋಡೇ ಇಲ್ಲದ ಪಿಸ್ತೂಲಿನ ಬಗ್ಗೆ ಬರೀತಾನೆ.

ಬೀಟ್ ಮುಖ್ಯನಾ, ಸಾಹಿತ್ಯ ಮುಖ್ಯನಾ?

ಒಂದು ವರ್ಸಿಗೆ ಸಾಹಿತ್ಯ. ಒಂದು ವೃತ್ತಿಗೆ ಬೀಟ್ ಆಯ್ಕೆ ಮಾಡುವ ಕಿವಿ. ಅಮೆರಿಕದಲ್ಲಿ ಕ್ಯಾನಿಬಸ್ ಅಂತ ಒಬ್ಬ ರ‍್ಯಾಪರ್ ಇದ್ದ, 1997ರ ಹೊತ್ತಿಗೆ ಅವನನ್ನ ಎದುರಿಸಲಿಕ್ಕೆ ದೊಡ್ಡ ದೊಡ್ಡವರು ಹೆದರುತ್ತಿದ್ದರು. 1998ರಲ್ಲಿ ಆಲ್ಬಂ ಬಂತು. ಸಾಲುಗಳ ತೂಕಕ್ಕೆ ಸಂಗೀತ ಸಾಟಿಯಾಗಲಿಲ್ಲ ಅನ್ನೋದೇ ಎಲ್ಲರ ದೂರು. ಆ ಪೆಟ್ಟಿನಿಂದ ಅವನು ಪೂರ್ತಿ ಮೇಲೆ ಏಳಲಿಲ್ಲ. ಅಂತರ್ಜಾಲದಲ್ಲಿ ಬಾಡಿಗೆಗೆ ಸಿಗುವ ಬೀಟನ್ನೇ ಇನ್ನೂ ಐವತ್ತು ಜನ ತಗೊಂಡಿರ್ತಾರೆ ಅನ್ನೋದನ್ನ ಮರೀಬೇಡಿ. ನಿಮ್ಮ ಊರಲ್ಲೇ ಬೀಟ್ ಮಾಡುವವನೊಬ್ಬನನ್ನ ಹಿಡ್ಕೊಳ್ಳಿ. ಹಾಲಕ್ಕಿ ಒಕ್ಕಲಿಗರ ಗುಮಟೆ, ಸಿದ್ದಿಗಳ ಡಮಾಮಿ, ಯಕ್ಷಗಾನದ ಚಂಡೆ ಸುತ್ತಮುತ್ತ ಬಡೀತಾ ಇರುವ ಜಿಲ್ಲೆ ಇದು. ಸುಮ್ಮನೆ ಸ್ಯಾಂಪಲ್ ಕದ್ದು ಹಾಕಬೇಡಿ, ಬಾರಿಸುವವರನ್ನ ಕರೆಸಿ, ದುಡ್ಡು ಕೊಡಿ, ಹೆಸರು ಹಾಕಿ.

ಹವಿಗನ್ನಡದಲ್ಲಿ ರ‍್ಯಾಪ್ ಮಾಡಿರೆ ಯಾರು ಕೇಳ್ತ?

ಕೇಳ್ತಾರೆ, ನಗಲಿಕ್ಕೆ. ತೊಂದರೆ ಅಲ್ಲೇ ಇರೋದು.

ನಮ್ಮ ಕಡೆಯ ಮಾತು, ಹವ್ಯಕರದ್ದಿರಲಿ, ಹಾಲಕ್ಕಿಯವರದ್ದಿರಲಿ, ನಾಡವರದ್ದಿರಲಿ, ಬೇರೆ ಜಿಲ್ಲೆಯವರ ಕಿವಿಗೆ ಬೀಳೋದೇ ಹಾಸ್ಯವಾಗಿ. ರೀಲಿನಲ್ಲಿ ಹವಿಗನ್ನಡ ಬಂತು ಅಂದರೆ ತಂಬುಳಿ, ಕವಳ, ಮಾಣಿಗೆ ಹೆಣ್ಣು ಸಿಗದ ಗೋಳು. ಇದರ ಮೇಲೆ ಒಂದು ರ‍್ಯಾಪ್ ಮಾಡಿದರೆ ರಾತ್ರೋರಾತ್ರಿ ಊರೆಲ್ಲ ಹಂಚಿಕೊಳ್ತದೆ, ದುಬೈಯಿಂದಲೂ ಮೆಸೇಜು ಬರ್ತದೆ. ಎರಡನೇ ಹಾಡಿಗೂ ಜನ ಅದನ್ನೇ ಕೇಳ್ತಾರೆ. ಮೂರನೆಯದರಲ್ಲಿ ಅವನು ಸತ್ತ ಅಜ್ಜನ ಬಗ್ಗೆ ಬರೆದರೂ ಕೆಳಗೆ ನಗುವ ಮುಖಗಳೇ. ಒಳ್ಳೇ ದನಿಯಿದ್ದ ಹುಡುಗರು ಹೀಗೆ ಕಾಮಿಡಿಯವರಾಗಿ ಉಳಿದುಬಿಡ್ತಾರೆ. ಮೊದಲ ಹಾಡು ಯಾವ ಬಾಗಿಲು ತೆಗೀತದೋ ಆ ಬಾಗಿಲಲ್ಲೇ ಜನ ನಿಮ್ಮನ್ನ ಕಾಯ್ತಾರೆ. ನಗಿಸುವ ಹಾಡು ಮಾಡಬೇಡಿ ಅಂತಲ್ಲ, ಮೊದಲನೆಯದಾಗಿ ಅದನ್ನ ಹಾಕಬೇಡಿ.

ಕಾರವಾರದವ್ರು ಕೊಂಕಣಿಯಲ್ಲಿ ಮಾಡ್ಕಾ, ಕನ್ನಡದಲ್ಲಿ ಮಾಡ್ಕಾ?

ಯಾವ ಭಾಷೆಯಲ್ಲಿ ಜಗಳ ಆಡ್ತೀರೋ ಅದರಲ್ಲಿ. ಕೊಂಕಣಿಯಾದರೆ ಗೋವಾ ಪಕ್ಕದಲ್ಲೇ ಇದೆ, ಅಲ್ಲಿಯ ಕೇಳುಗರೂ ಸಿಗ್ತಾರೆ. ಎರಡನ್ನೂ ಒಂದೇ ವರ್ಸಿನಲ್ಲಿ ಬೆರೆಸಿದರೂ ಸರಿಯೇ, ಕೋಡಿಬಾಗದ ಬಸ್‌ಸ್ಟಾಪಿನಲ್ಲಿ ನಿಂತವರು ಮಾತಾಡೋದೂ ಹಾಗೇ ಅಲ್ವಾ.

"ಸಲಗ"ದ ಟಿಣಿಂಗ ಮಿಣಿಂಗ ಹಾಡಲ್ಲಿ ಸಿದ್ದಿಯವರ ದನಿ ಎಷ್ಟು ಫೇಮಸ್ ಆಯ್ತು. ಸಿನಿಮಾಕ್ಕೆ ಹಾಡಿದ್ರೆ ನಾವೂ ಸ್ಟಾರ್ ಆಗ್ತೇವಲ್ಲ?

ಆ ಚಿತ್ರ 2021ರದ್ದು, ಸಂಗೀತ ಚರಣ್ ರಾಜ್. ಸಿದ್ದಿ ಸಮುದಾಯದ ಕಲಾವಿದರ ದನಿ ಕರ್ನಾಟಕದ ಮೂಲೆ ಮೂಲೆಗೂ ಹೋಯಿತು, ನಮಗೆಲ್ಲ ಹೆಮ್ಮೆ. ಈಗ ನಿಮ್ಮ ಗೆಳೆಯರಲ್ಲಿ ಯಾರನ್ನಾದರೂ ಹಾಡಿದವರ ಹೆಸರು ಕೇಳಿ ನೋಡಿ. ಹೀರೋ ಹೆಸರು ಹೇಳ್ತಾರೆ, ಹೆಚ್ಚೆಂದರೆ ಸಂಗೀತ ನಿರ್ದೇಶಕರದ್ದು. ಅದು ಹಾಡಿದವರ ತಪ್ಪಲ್ಲ, ಸಿನಿಮಾ ಹಾಡಿನ ರೀತಿಯೇ ಅದು. ಹಾಡು ಚಿತ್ರದ್ದು, ಮುಖ ನಾಯಕನದ್ದು.

ಚಂದನ್ ಶೆಟ್ಟಿಯವರು ಕನ್ನಡದಲ್ಲಿ ಹೆಸರೂ ಮುಖವೂ ಎರಡೂ ಗೊತ್ತಿರುವ ರ‍್ಯಾಪರ್ ಆದದ್ದು ಹೇಗೆ ನೋಡಿ. ಸಿನಿಮಾದ ಹೊರಗೆ ತನ್ನದೇ ಹಾಡುಗಳು, ಮೇಲಿಂದ 2018ರ ಜನವರಿಯಲ್ಲಿ ಗೆದ್ದ ಬಿಗ್ ಬಾಸ್. ತಿಂಗಳುಗಟ್ಟಲೆ ಊಟದ ಹೊತ್ತಿಗೆ ಟಿವಿಯಲ್ಲಿ ಕಂಡ ಮನುಷ್ಯ ಅವರು. ಅವರ ಹಾಡು ನಿಮಗೆ ಹಿಡಿಸದೇ ಇರಬಹುದು, ದಾರಿ ಮಾತ್ರ ಗಮನಿಸುವಂಥದ್ದು.

## ಗುಂಪು ಮತ್ತು ಒಬ್ಬ

ಗ್ರೂಪ್ ಬಿಟ್ಟು ಬಂದ್ರೇ ಬೆಳೆಯೋದಾ?

ಇದಕ್ಕೆ ಎರಡೂ ಕಡೆ ಸಾಕ್ಷಿ ಇದೆ. ಬೆಂಗಳೂರಿನ ಮಚಾಸ್ ವಿತ್ ಆ್ಯಟಿಟ್ಯೂಡ್‌ನಲ್ಲಿ ಮೂವರಿದ್ದರು. ಬ್ರೋಧಾ ವಿ, ಸ್ಮೋಕಿ ದಿ ಗೋಸ್ಟ್, ಬಿಗ್ ನಿಕ್. ಅವರಲ್ಲಿ ಬ್ರೋಧಾ ವಿ 2012ರ "ಆತ್ಮ ರಾಮ" ಹಾಡಿನಿಂದ ದೇಶಕ್ಕೆಲ್ಲ ಗೊತ್ತಾದ. ಇಂಗ್ಲಿಷ್ ರ‍್ಯಾಪಿನ ನಡುವೆ ರಾಮಭಜನೆ, ಅದನ್ನ ಅವನಲ್ಲದೆ ಬೇರೆ ಯಾರೂ ಮಾಡಲಿಕ್ಕಿಲ್ಲ ಅನ್ನುವ ಹಾಗಿತ್ತು. ಸ್ಮೋಕಿ ಬರವಣಿಗೆಯಲ್ಲಿ ಕಡಿಮೆಯೇನಲ್ಲ, ತನ್ನ ಪಾಡಿಗೆ ಸ್ವತಂತ್ರವಾಗಿ ಮಾಡುತ್ತ ಬಂದ, ಅವನದ್ದೇ ಒಂದು ಬಳಗ ಇದೆ.

ಅಮೆರಿಕದ ಡಿ12 ಇನ್ನೊಂದು ಥರ. ಎಮಿನೆಮ್ ಇದ್ದ ಗುಂಪು. ಉಳಿದ ಐವರನ್ನ ಯಾರೂ ತಿರುಗಿ ನೋಡೋದಿಲ್ಲ ಅನ್ನೋದನ್ನೇ ತಮಾಷೆ ಮಾಡಿ 2004ರಲ್ಲಿ ಒಂದು ಹಾಡು ಮಾಡಿದರು. ಅದು ಅವರ ಅತಿ ದೊಡ್ಡ ಹಿಟ್ ಹಾಡುಗಳಲ್ಲಿ ಒಂದಾಯಿತು! ದೊಡ್ಡ ಹೆಸರಿನ ಪಕ್ಕ ನಿಂತರೆ ಬೆಳಕು ಬೀಳ್ತದೆ, ಆದರೆ ಆ ಬೆಳಕಿನ ಸ್ವಿಚ್ಚು ನಿಮ್ಮ ಕೈಯಲ್ಲಿರೋದಿಲ್ಲ.

ನನ್ನ ಮಾತು ಕೇಳ್ತೀರಾದರೆ, ಗುಂಪಿನಲ್ಲಿದ್ದುಕೊಂಡೇ ಒಂದು ಸೋಲೋ ಹಾಡು ಮಾಡಿ. ಗುಂಪಿಗೆ ಅದು ಬೇಡ ಅನ್ನಿಸಬೇಕು, ನಿಮಗೆ ಹೇಳದೇ ಇರಲಿಕ್ಕೆ ಆಗಬಾರದು. ಅಂಥ ಹಾಡೇ ಹುಟ್ಟದಿದ್ದರೆ ಬಿಟ್ಟು ಬಂದು ಮಾಡೋದೇನು?

ನಮ್ಮ ಯಕ್ಷಗಾನದಲ್ಲಿ ಎಲ್ಲರೂ ಮೇಳದಲ್ಲೇ ಇದ್ದು ಸ್ಟಾರ್ ಆಗ್ತಾರಲ್ಲ? ರ‍್ಯಾಪಲ್ಲಿ ಯಾಕಾಗೋದಿಲ್ಲ?

ಪತ್ರ ಬರೆದು ಇದನ್ನ ಕೇಳಿದವರು ಹೊನ್ನಾವರದ ಹಿರಿಯರೊಬ್ಬರು. ಇಷ್ಟು ಒಳ್ಳೇ ಪ್ರಶ್ನೆಯನ್ನ ಯಾವ ರ‍್ಯಾಪರೂ ನನಗೆ ಕೇಳಲಿಲ್ಲ.

ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಮೇಳದ ಕಲಾವಿದರು. ಅವರ ಭಸ್ಮಾಸುರ, ಅವರ ಕೀಚಕ ನೋಡಲಿಕ್ಕೆ ಅಂತಲೇ ಜನ ಹತ್ತೂರು ದಾಟಿ ಬರ್ತಿದ್ದರು. 2012ರಲ್ಲಿ ಪದ್ಮಶ್ರೀ ಬಂತು. ಅವರಿಗೆ ಹಿಂದೆ ಭಾಗವತರು ಬೇಕಿತ್ತು, ಮದ್ದಲೆ ಚಂಡೆ ಬೇಕಿತ್ತು, ಎದುರಿಗೆ ಮೋಹಿನಿ ಬೇಕಿತ್ತು. ಅವರು ಒಂಟಿಯಾಗದೆಯೇ ಸ್ಟಾರ್.

ಯಾಕೆಂದರೆ ಅಲ್ಲಿ ಒಬ್ಬೊಬ್ಬರ ಜಾಗಕ್ಕೂ ಹೆಸರಿದೆ. ಎರಡನೇ ವೇಷ, ಪುಂಡುವೇಷ, ಸ್ತ್ರೀವೇಷ, ಹಾಸ್ಯ. ಪ್ರಸಂಗ ಬದಲಾದ ಹಾಗೆ ಇವತ್ತು ಒಬ್ಬರಿಗೆ ಅವಕಾಶ, ನಾಳೆ ಇನ್ನೊಬ್ಬರಿಗೆ. ಹಾಸ್ಯದವನನ್ನ "ನೀನು ಯಾವಾಗ ಕೃಷ್ಣ ಆಗ್ತಿ?" ಅಂತ ಯಾರೂ ಕೇಳೋದಿಲ್ಲ. ರ‍್ಯಾಪಿನಲ್ಲಿ ಕಂಪನಿಗಳು ಮಾರುವುದು ಒಂದು ಮುಖ, ಒಂದು ಹೆಸರು. ಹಾಗಾಗಿ ಗುಂಪಿನಲ್ಲಿ ಚೆಂದವಾಗಿ ಒಪ್ಪುವವನಿಗೂ "ನಿನ್ನ ಸೋಲೋ ಯಾವಾಗ?" ಅನ್ನುವ ಕಾಟ. ಅವನಿಗೆ ಅದು ಬೇಕೋ ಬೇಡವೋ ಯಾರಿಗೆ ಬಿದ್ದಿದೆ.

ತಾಳಮದ್ದಲೆಯಿಂದ ಕಲಿಯುವುದು ಇನ್ನೂ ಇದೆ. ಅಲ್ಲಿಯೂ ಅರ್ಥ ಹೇಳುವವರು ಕೂತಲ್ಲೇ ಮಾತು ಕಟ್ಟೋದು. ಆದರೆ ಎದುರಿನವರ ಮಾತು ಕೇಳದೆ ಉತ್ತರ ಹೇಳಲಿಕ್ಕಾಗೋದಿಲ್ಲ. ನಮ್ಮ ಹುಡುಗರ ಸೈಫರ್‌ನಲ್ಲಿ, ಅಂದರೆ ಸುತ್ತ ನಿಂತು ಪಾಳಿಯ ಮೇಲೆ ರ‍್ಯಾಪ್ ಮಾಡುವಲ್ಲಿ, ತನ್ನ ಪಾಳಿ ಬರುವವರೆಗೆ ಎಲ್ಲರೂ ಬಾಯಲ್ಲೇ ತಮ್ಮ ಸಾಲು ಗುನುಗ್ತಾ ಇರ್ತಾರೆ.

ಹುಡುಗಿಯರು ಯಾಕೆ ಅರ್ಧಕ್ಕೇ ನಿಲ್ತಾರೆ?

ಹೊರಗಿನ ಕತೆ ಮೊದಲು. ಅಮೆರಿಕದ ರ‍್ಯಾಪರ್ ಲೇಡಿ ಆಫ್ ರೇಜ್ 1994ರಲ್ಲಿ ಒಂದು ಸಿಂಗಲ್‌ನಿಂದ ಬೆಂಕಿ ಎಬ್ಬಿಸಿದಳು. ಡೆತ್ ರೋ ಕಂಪನಿ ಗಂಡಸರ ಆಲ್ಬಂಗಳನ್ನ ಒಂದಾದ ಮೇಲೊಂದು ಮುಂದೆ ಬಿಟ್ಟಿತು. ಇವಳದ್ದು ಬಂದದ್ದು 1997ರಲ್ಲಿ. ಅಷ್ಟರಲ್ಲಿ ಡಾ. ಡ್ರೆ ಕಂಪನಿ ಬಿಟ್ಟಾಗಿತ್ತು, ಅದರ ದೊಡ್ಡ ರ‍್ಯಾಪರ್ ಟೂಪಾಕ್ ಕೊಲೆಯಾಗಿತ್ತು, ಮಾಲೀಕ ಜೈಲಿನಲ್ಲಿದ್ದ. ಸರತಿಯಲ್ಲಿ ಕೊನೆಗೆ ನಿಲ್ಲಿಸಿದವರಿಗೆ ಮನೆ ಮುಳುಗಿದ ಮೇಲೆ ಬಾಗಿಲು ತೆಗೆದ ಹಾಗೆ.

ಇಲ್ಲಿಯದ್ದು ಹೇಳೋದಾದರೆ, ನಮ್ಮಲ್ಲಿ ರೆಕಾರ್ಡಿಂಗ್ ಆಗೋದು ರಾತ್ರಿ. ಮಳೆಗಾಲದಲ್ಲಂತೂ ಹಂಚಿನ ಮೇಲೆ ಸದ್ದು ನಿಲ್ಲುವುದನ್ನ ಕಾಯ್ತಾ ಒಂದು ಗಂಟೆ ಎರಡು ಗಂಟೆ ಆಗ್ತದೆ. ಹುಡುಗ ಬೈಕಿನಲ್ಲಿ ಹೋಗಿಬಿಡ್ತಾನೆ. ಹುಡುಗಿಗೆ ಕೊನೇ ಬಸ್ಸು, ಅದರ ಮೇಲೆ ಮನೆಯವರ ಮುಖ. ಹಗಲು ಹೊತ್ತಿನಲ್ಲಿ ಅವರಿಗೆ ಅಂತಲೇ ಸಮಯ ಇಟ್ಟ ಮೇಲೆ ಬರುವವರು ಹೆಚ್ಚಾದರು. ಪ್ರತಿಭೆ, ಧೈರ್ಯ ಅಂತ ದೊಡ್ಡ ಮಾತಾಡುವ ಮೊದಲು ಬಸ್ಸಿನ ವೇಳಾಪಟ್ಟಿ ನೋಡಬೇಕಾಗ್ತದೆ.

## ಊರು, ದುಡ್ಡು, ಕಾಗದ

ಕಾರವಾರದಲ್ಲಿ ಕೂತ್ಕಂಡೇ ಆಗ್ವಲ್ವಾ? ಬೆಂಗ್ಳೂರಿಗೆ ಹೋಗ್ಲೇಬೇಕಾ?

ಹಾಡು ಹಾಕಲಿಕ್ಕೆ ಹೋಗಬೇಕಾಗಿಲ್ಲ. ವೇದಿಕೆ ಮೇಲೆ ಸೋಲಲಿಕ್ಕೆ ಹೋಗಬೇಕು. ನಗರದಲ್ಲಿ ವಾರಕ್ಕೊಂದು ಓಪನ್ ಮೈಕ್ ಸಿಗ್ತದೆ, ಗುರುತಿಲ್ಲದ ಮೂವತ್ತು ಜನ ಕಾಫಿ ಕುಡಿಯುತ್ತ ನಿಮ್ಮನ್ನ ಲಕ್ಷ್ಯಕ್ಕೇ ತಗೊಳ್ಳೋದಿಲ್ಲ. ಅವರ ತಲೆ ಎತ್ತಿಸುವುದನ್ನ ಕಲಿತವನಷ್ಟೇ ಒಬ್ಬನೇ ನಿಲ್ಲಬಲ್ಲ. ಇಲ್ಲಿ ನಮ್ಮದು ಅದೇ ಹತ್ತು ಜನ ಗೆಳೆಯರು, ಏನು ಹೇಳಿದರೂ ಸೀಟಿ. ದೊಡ್ಡ ವೇದಿಕೆ ಅಂದರೆ ಕರಾವಳಿ ಉತ್ಸವದಲ್ಲಿ ಟ್ಯಾಗೋರ್ ಬೀಚಿನ ಮಯೂರವರ್ಮ ವೇದಿಕೆ, ಬನವಾಸಿಯ ಕದಂಬೋತ್ಸವ, ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬಾ ಜಾತ್ರೆ. ವರ್ಷಕ್ಕೊಮ್ಮೆ ಸಿಗುವ ವೇದಿಕೆಯಲ್ಲಿ ಅಭ್ಯಾಸ ಮಾಡಲಿಕ್ಕಾಗೋದಿಲ್ಲ.

ರ‍್ಯಾಪರ್ ಹನುಮಾನ್‌ಕೈಂಡ್ 2024ರಲ್ಲಿ ಅಮೆರಿಕದ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ 23ನೇ ಸ್ಥಾನಕ್ಕೆ ಏರಿದಾಗ ದಿಢೀರ್ ಸ್ಟಾರ್ ಅಂದವರೇ ಹೆಚ್ಚು. ಕೇರಳ ಮೂಲದ ಆ ಮನುಷ್ಯ ಅದಕ್ಕೆ ಮೊದಲು ವರ್ಷಗಟ್ಟಲೆ ಬೆಂಗಳೂರಿನಲ್ಲಿ ವೇದಿಕೆ ಹತ್ತಿದವನು. ವಾಸ ಬದಲಿಸಲಿಕ್ಕಾಗದಿದ್ದರೆ ರಾತ್ರಿ ಪಂಚಗಂಗಾ ರೈಲು ಹತ್ತಿ ಹೋಗಿ, ಹಾಡಿ, ಮರುದಿನ ರಾತ್ರಿ ಅದರಲ್ಲೇ ವಾಪಸ್ ಬನ್ನಿ. ಕಾರವಾರದವರಿಗೆ ಗೋವಾ, ಶಿರಸಿಯವರಿಗೆ ಹುಬ್ಬಳ್ಳಿ ಇನ್ನೂ ಹತ್ತಿರ.

ಸ್ಪಾಟಿಫೈನಲ್ಲಿ 800 ಸಲ ಕೇಳಿದಾರೆ. ದುಡ್ಡು ಯಾವಾಗ ಬರ್ತದೆ?

ಬರೋದಿಲ್ಲ. 2024ರಿಂದ ಒಂದು ಹಾಡು ಹಿಂದಿನ 12 ತಿಂಗಳಲ್ಲಿ ಕನಿಷ್ಠ 1000 ಸ್ಟ್ರೀಮ್ ದಾಟಿದ್ದರೆ ಮಾತ್ರ ಅಲ್ಲಿ ರಾಯಲ್ಟಿ. 30 ಸೆಕೆಂಡ್ ಕೇಳಿದರೆ ಒಂದು ಸ್ಟ್ರೀಮ್ ಅಂತ ಲೆಕ್ಕ. ನಿಮ್ಮ ಹಾಡಿನ ಮೊದಲ 25 ಸೆಕೆಂಡ್ ಬರೀ ಅಲೆಯ ಸದ್ದಾದರೆ ಏನಾಗ್ತದೆ ಯೋಚಿಸಿ.

ದೊಡ್ಡ ಕಂಪನಿ ಸೈನ್ ಮಾಡ್ಕೊಂಡ್ಮೇಲೂ ಆಲ್ಬಂ ಬರ್ದೇ ಇರ್ತದಾ?

ಧಾರಾಳವಾಗಿ. ರಕೀಮ್‌ನಂಥ ದಿಗ್ಗಜನನ್ನ ಡಾ. ಡ್ರೆಯ ಕಂಪನಿ ಕರೆಸಿಕೊಂಡಿತು. ಇಬ್ಬರಿಗೂ ಹೊಂದಲಿಲ್ಲ, 2003ರಲ್ಲಿ ಆಲ್ಬಂ ಇಲ್ಲದೇ ಹೊರಬಿದ್ದ. ಪಪೂಸ್ 2006ರಲ್ಲಿ ದೊಡ್ಡ ಮೊತ್ತಕ್ಕೆ ಸಹಿ ಹಾಕಿದ, ಮೊದಲ ಆಲ್ಬಂ ಬಂದದ್ದು 2013ರಲ್ಲಿ, ಅದೂ ಆ ಕಂಪನಿಯಿಂದಲ್ಲ.

ಜೇ ಎಲೆಕ್ಟ್ರಾನಿಕಾನ ಕತೆಯೇ ಬೇರೆ. 2009ರಲ್ಲಿ ಬಂದ ಒಂದೇ ಹಾಡಿಗೆ ಜಗತ್ತು ತಲೆದೂಗಿತು. ಮರುವರ್ಷ ಜೇ-ಝೀಯ ಕಂಪನಿ ಕರೆದು ಕೂರಿಸಿತು. ಆಲ್ಬಂ ಬಂದದ್ದು 2020ರ ಮಾರ್ಚಿನಲ್ಲಿ. ಕಂಪನಿ ತಡೆದದ್ದಕ್ಕಿಂತ ಅವನೇ ಬಿಟ್ಟುಕೊಡದೆ ಇಟ್ಟುಕೊಂಡದ್ದು ಹೆಚ್ಚು ಅನ್ನೋದು ನನ್ನ ಅಂದಾಜು. ಎಲ್ಲರೂ ಮಹಾಕೃತಿ ಬರ್ತದೆ ಅಂತ ಕಾಯ್ತಾ ಕೂತಾಗ ಸಾಧಾರಣ ಹಾಡು ಬಿಡಲಿಕ್ಕೆ ಕೈ ಬರೋದಿಲ್ಲ. ನಮ್ಮ ಜಿಲ್ಲೆಯಲ್ಲೂ ಇಬ್ಬರು ಮೂವರು ಹೀಗಿದ್ದಾರೆ, ಹಾರ್ಡ್‌ಡಿಸ್ಕ್ ತುಂಬ ಹಾಡು, ಹೊರಗೆ ಒಂದೂ ಇಲ್ಲ.

ಕಾಗದಕ್ಕೆ ಸಹಿ ಹಾಕುವಾಗ ಎಂತ ನೋಡ್ಕು?

ಒಂದು ಹಾಡಿನೊಳಗೆ ಬೇರೆ ಬೇರೆ ಹಕ್ಕುಗಳಿವೆ. ಸಾಹಿತ್ಯದ ಹಕ್ಕು ಬರೆದವನದ್ದು, ಸಂಗೀತದ್ದು ಅದನ್ನ ಕಟ್ಟಿದವನದ್ದು, ಧ್ವನಿಮುದ್ರಿಕೆಯದ್ದು ಅದನ್ನ ಮಾಡಿಸಿದ ನಿರ್ಮಾಪಕನದ್ದು. ಕಂಪನಿಗಳು ಮೂರನ್ನೂ ಒಂದೇ ವಾಕ್ಯದಲ್ಲಿ ಬರೆಸಿಕೊಳ್ಳಲಿಕ್ಕೆ ನೋಡ್ತಾವೆ.

1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲೇ ಆಗಬೇಕು, ಸಹಿ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ. ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ತಗೊಂಡವರು ಒಂದು ವರ್ಷದೊಳಗೆ ಹಕ್ಕನ್ನ ಬಳಸದಿದ್ದರೆ ಅದು ರದ್ದಾಗ್ತದೆ, ಆದರೆ ಒಪ್ಪಂದದಲ್ಲಿ ಬೇರೆ ಥರ ಬರೆದಿರದಿದ್ದರೆ ಮಾತ್ರ. ಅದಕ್ಕೇ ಕಾಗದದಲ್ಲಿ "ಶಾಶ್ವತವಾಗಿ", "ವಿಶ್ವದಾದ್ಯಂತ" ಅನ್ನುವ ಪದ ಹುಡುಕಿ. ಅವೆರಡು ಬಂದವು ಅಂದರೆ ಕಾಯ್ದೆ ಕೊಟ್ಟ ಅನುಕೂಲ ಕೈಬಿಟ್ಟಿತು. 2012ರ ತಿದ್ದುಪಡಿ ಬಂದ ಮೇಲೆ ಸಾಹಿತ್ಯ, ಸಂಗೀತ ಬರೆದವರು ತಮ್ಮ ರಾಯಲ್ಟಿಯ ಸಮಪಾಲಿನ ಹಕ್ಕನ್ನ ಕಂಪನಿಗೆ ಬರೆದುಕೊಡಲಿಕ್ಕೇ ಬರೋದಿಲ್ಲ. ಆ ಹಣ ಸಂಗ್ರಹಿಸುವ ಸಂಸ್ಥೆ ಐಪಿಆರ್‌ಎಸ್, ಬರೆಯುವವರು ಸದಸ್ಯರಾಗಬಹುದು.

ಇನ್ನೊಂದು ಸಾಲು ನೋಡಿ. "ಮುಂದಿನ ಇಷ್ಟು ಹಾಡು ನಮಗೇ" ಅಂತ ಇರ್ತದೆ, ಯಾವಾಗ ಬಿಡುಗಡೆ ಮಾಡ್ತೇವೆ ಅಂತ ಇರೋದಿಲ್ಲ. ಪ್ರತಿಭೆಯಿದ್ದವರು ಮಾಯವಾಗೋದು ಬಹಳ ಸಲ ಈ ಸಾಲಿನೊಳಗೆ. ಬಿಡುಗಡೆಗೆ ಗಡುವು ಬರೆಸಿ, ತಪ್ಪಿದರೆ ಹಾಡು ವಾಪಸ್ ಅಂತ ಸೇರಿಸಿ. ಒಪ್ಪದಿದ್ದರೆ ಎದ್ದು ಬನ್ನಿ. ವಕೀಲರಿಗೆ ತೋರಿಸದೆ ಯಾವುದಕ್ಕೂ ಸಹಿ ಬೇಡ.

ಮೂವತ್ತು ದಾಟ್ತು. ಮುಗೀತಲ್ಲ?

ಅಮೆರಿಕದ ರ‍್ಯಾಪರ್ 2 ಚೈನ್ಜ್ ಮೊದಲು ಪ್ಲೇಯಾಜ್ ಸರ್ಕಲ್ ಅನ್ನುವ ಜೋಡಿಯಲ್ಲಿದ್ದ. 2007ರಲ್ಲಿ ಅವರದ್ದೊಂದು ಹಾಡು ಹಿಟ್ ಆಯಿತು, ಜನಕ್ಕೆ ನೆನಪುಳಿದದ್ದು ಅದರಲ್ಲಿ ಕೋರಸ್ ಹಾಡಿದ ಲಿಲ್ ವೇಯ್ನ್. ಹೆಸರು ಬದಲಿಸಿಕೊಂಡು ಕಂಡವರ ಹಾಡಿಗೆಲ್ಲ ವರ್ಸ್ ಹೇಳಿದ. ಮೊದಲ ಸೋಲೋ ಆಲ್ಬಂ 2012ರಲ್ಲಿ ಬಂದಾಗ ಅವನಿಗೆ 34.

ಸ್ಟಾರ್ ಆಗ್ದೇ ಇದ್ರೆ ಇಷ್ಟು ವರ್ಷ ದಂಡ ಅಲ್ವಾ?

ದಿ ರೂಟ್ಸ್ ಗುಂಪಿನ ಬ್ಲಾಕ್ ಥಾಟ್ 1987ರಿಂದ ರ‍್ಯಾಪ್ ಮಾಡ್ತಿದ್ದಾನೆ. ತನ್ನ ಹೆಸರಿನಲ್ಲಿ ಮೊದಲ ಬಿಡುಗಡೆ 2018ರಲ್ಲಿ. ಅದಕ್ಕೆ ಕೆಲವೇ ತಿಂಗಳು ಮೊದಲು ರೇಡಿಯೋ ಒಂದರಲ್ಲಿ ಹತ್ತು ನಿಮಿಷ ಬಿಡದೆ ಹೇಳಿದ ಫ್ರೀಸ್ಟೈಲ್ ನೋಡಿ ಹೊಸ ಹುಡುಗರು ಬೆಚ್ಚಿಬಿದ್ದರು. ಅಲ್ಲಿಯವರೆಗೆ ಅವನು ದಿನಾ ರಾತ್ರಿ ಟಿವಿ ಕಾರ್ಯಕ್ರಮದಲ್ಲಿ ಗುಂಪಿನ ಜೊತೆ ಸಂಬಳದ ಕೆಲಸ ಮಾಡುತ್ತ ಆರಾಮಾಗೇ ಇದ್ದ. ಬೇರೆಯವರಿಗೆ ಸಾಹಿತ್ಯ ಬರೆಯುವವರು, ಬೀಟ್ ಮಾಡುವವರು, ಜಾಹೀರಾತಿಗೆ ದನಿ ಕೊಡುವವರು ಇದೇ ಅಭ್ಯಾಸದಿಂದ ಬಂದವರು. ನಮ್ಮಲ್ಲಿ ರೆಕಾರ್ಡ್ ಮಾಡುತ್ತಿದ್ದ ಒಬ್ಬ ಈಗ ತಾಳಮದ್ದಲೆಯಲ್ಲಿ ಅರ್ಥ ಹೇಳ್ತಾನೆ, ಉಸಿರಿನ ಮೇಲೆ ಅವನಿಗಿರುವ ಹಿಡಿತಕ್ಕೆ ಹಿರಿಯರೂ ಮೆಚ್ಚಿದ್ದಾರೆ.

ನನ್ನ ಹಾಡು ಕಳಿಸ್ತೆ, ಕೇಳಿ ಹೇಳ್ತೀರಾ?

ಹೇಳ್ತೇನೆ. ಆದರೆ ನಿಮ್ಮ ಅತ್ಯುತ್ತಮ ವರ್ಸ್ ಕಳಿಸಬೇಡಿ, ಅದು ಚೆನ್ನಾಗಿದೆ ಅಂತ ನಿಮಗೇ ಗೊತ್ತು. ಒಬ್ಬರೇ ಹೇಳಿದ ಪೂರ್ತಿ ಹಾಡು ಬೇಕು, ಹುಕ್ ಸಮೇತ. ಅದೇ ಹಾಡನ್ನ ಬೀಟ್ ಇಲ್ಲದೆ ಬರೀ ದನಿಯಲ್ಲಿ ಹೇಳಿದ್ದು ಇನ್ನೊಂದು ಫೈಲ್. ಮತ್ತೆ ಆಟೋಟ್ಯೂನ್ ಹಾಕಿ ಕಳಿಸಿದ್ದನ್ನ ಕೇಳೋದಿಲ್ಲ, ಅದನ್ನ ಮೊದಲೇ ಹೇಳಿಬಿಡ್ತೇನೆ.